ಕಾಲು ಹಿಡಿದು ಬದುಕಿದವನು

ಮೂವತ್ತೊಂದು ವರ್ಷ ಕಂಡವರ ಕಾಲು ಹಿಡಿದೇ ಸಂಸಾರ ಸಾಗಿಸಿದ ಮನುಷ್ಯ ಅವನು. ಹೀಗೆ ಹೇಳುತ್ತಿದ್ದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ. ನೆಂಟರು ಬಂದರೆ ಸಾಕು, "ನಮ್ಮನೆಯವರ ಕೆಲಸ ಏನು ಅಂತೀರಾ? ದಿನಾ ಹನ್ನೊಂದು ಜನರ ಕಾಲು ಹಿಡೀತಾರೆ. ನನ್ನ ಕಾಲು ನೋಯ್ತಿದೆ ಅಂದ್ರೆ ಮಾತ್ರ ಕೈಗೆ ಪುರುಸೊತ್ತಿಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಟಗಾರರ ಕಾಲು ತಿಕ್ಕುವುದು, ಪಟ್ಟಿ ಕಟ್ಟುವುದು, ಊದಿದ ಕಡೆ ಐಸ್ ಒತ್ತುವುದು ಅವನ ಕೆಲಸ. ಮೈಗೆ ಅಂಟಿಕೊಂಡ ಎಣ್ಣೆಯ ವಾಸನೆ ಎಷ್ಟು ಸಲ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಅದಕ್ಕೇ ಹುಡುಗರು ಅವನಿಗೆ ಎಣ್ಣೆ ಮಾವ ಎಂದು ಹೆಸರಿಟ್ಟಿದ್ದರು. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಬಳಕೆಯಲ್ಲಿರಲಿಲ್ಲ.

ಅವನ ಕೋಣೆ ಇದ್ದದ್ದು ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿ. ಬಾಗಿಲ ಹತ್ತಿರ ತಲೆಯೆತ್ತಿ ನಿಲ್ಲಬಹುದು, ಹಿಂದೆ ಹೋದಂತೆ ಸೂರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಕುಕ್ಕರಗಾಲಲ್ಲೇ ಕೂರಬೇಕು. ನಡುವೆ ರೆಕ್ಸಿನ್ ಹೊದಿಸಿದ ಒಂದು ಎತ್ತರದ ಬೆಂಚು, ಗೋಡೆಗೆ ಟವೆಲ್ಲುಗಳು, ಮೂಲೆಯಲ್ಲಿ ಐಸಿನ ಡಬ್ಬ. ಆ ಬೆಂಚಿನ ಮೇಲೆ ಮಲಗಿದವನ ಕಾಲು ಮುಟ್ಟಿ, ಅವನು ಹಿಂದಿನ ದಿನ ಯಾವ ನೆಲದ ಮೇಲೆ ಆಡಿದ್ದ ಎಂದು ಎಣ್ಣೆ ಮಾವ ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಬೇಸಿಗೆಯ ಬಿರಿದ ನೆಲವಾದರೆ ಮೊಣಕಾಲಿನ ಕೆಳಗಿನ ಎಲುಬಿನ ಅಂಚಿಗೆ ಬೆರಳು ತಾಗಿಸಿದರೂ ಹುಡುಗ ಹಾರಿಬೀಳುತ್ತಿದ್ದ, ಮೀನಖಂಡ ಕಲ್ಲಿನಂತಾಗಿರುತ್ತಿತ್ತು. ಕೆಸರಿನಲ್ಲಿ ಆಡಿ ಬಂದವನಿಗೆ ತೊಡೆಸಂದು ಹಿಡಿದಿರುತ್ತಿತ್ತು, ಇಲ್ಲವೇ ಪಾದದ ಗಿಣ್ಣು ಉಳುಕಿರುತ್ತಿತ್ತು. "ನಿನ್ನೆ ಗೋದಾಮಿನ ಹಿಂದಿನ ಮೈದಾನ, ಅಲ್ವೇನೋ?" ಎಂದರೆ ಹುಡುಗರು ಬೆರಗಾಗಿ, "ಮಾವನ ಬೆರಳಿಗೆ ಕಣ್ಣಿದೆ ಕಣ್ರೋ" ಎನ್ನುತ್ತಿದ್ದರು.

ಕ್ಲಬ್ಬಿನ ಹಳೆಯ ಮೈದಾನವನ್ನು ಹಾಡಿ ಹೊಗಳುವಂಥದ್ದೇನೂ ಇರಲಿಲ್ಲ. ಗೋಲಿನ ಮುಂದೆ ಹುಲ್ಲೇ ಇರಲಿಲ್ಲ, ಒಂದು ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ಹಾಗಾಗಿ ಕೃತಕ ಹುಲ್ಲಿನ ಕಾರ್ಪೆಟ್ ಹಾಕುತ್ತಾರಂತೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅವನೇ. ಬೇರೆ ಊರಿನ ಕ್ಲಬ್ಬೊಂದರ ಕೃತಕ ಹುಲ್ಲಿನ ಮೇಲೆ ಹುಡುಗರು ಮೂರು ದಿನ ಆಡಿದ್ದನ್ನು ಅವನು ಕಂಡಿದ್ದ. ಅಲ್ಲಿ ದಿನವೂ ನೀರು ಚಿಮುಕಿಸುತ್ತಿದ್ದರು, ಬ್ರಶ್ ಹಾಕಿ ಎಳೆಗಳನ್ನು ಎಬ್ಬಿಸುತ್ತಿದ್ದರು. ಮೂರನೆಯ ದಿನವೂ ಹುಡುಗರ ಕಾಲು ಹಗುರವಾಗಿತ್ತು.

ಇಲ್ಲಿ ಹಾಕುವಾಗ ದಿನಾ ಚಹಾ ಹಿಡಿದುಕೊಂಡು ಹೋಗಿ ನಿಂತು ನೋಡಿದ. ಜಲ್ಲಿ ಹಾಕಿದರು, ಅದರ ಮೇಲೆ ಡಾಂಬರು ಸುರಿದು ರೋಲರ್ ಓಡಿಸಿದರು. ಮರುದಿನ ನೋಡಿದರೆ ಡಾಂಬರಿನ ಮೇಲೆ ನೇರವಾಗಿ ಹಸಿರು ಸುರುಳಿ ಬಿಚ್ಚುತ್ತಿದ್ದಾರೆ.

"ಮಧ್ಯೆ ಒಂದು ಮೆತ್ತೆ ಬರ್ಬೇಕಲ್ವಾ? ಬೆರಳು ದಪ್ಪದ್ದು, ಸ್ಪಂಜಿನ ಥರ?" ಎಂದು ಕೆಲಸದವರ ಮೇಸ್ತ್ರಿಯನ್ನು ಕೇಳಿದ.

"ಬರುತ್ತೆ ಮಾವ. ಆದ್ರೆ ನಿಮ್ಮವರ ಆರ್ಡರಲ್ಲಿ ಬರೆದಿಲ್ಲ" ಎಂದು ಮೇಸ್ತ್ರಿ ಅಂಟಿನ ಡಬ್ಬ ತಿರುವುತ್ತಾ ಹೇಳಿದ. "ಮೇಲಿಂದ ಹಸಿರು ಕಂಡ್ರೆ ಸಾಕು, ಕೆಳಗೇನಿದೆ ಅಂತ ಯಾರು ಕಿತ್ತು ನೋಡ್ತಾರೆ?"

ಉದ್ಘಾಟನೆಯ ದಿನ ಕಾರ್ಯದರ್ಶಿ ಬರಿಗಾಲಲ್ಲಿ ಅದರ ಮೇಲೆ ನಡೆದು ಫೋಟೋ ತೆಗೆಸಿಕೊಂಡರು. ಮೊದಲ ತಿಂಗಳು ಹುಡುಗರ ಅಂಗಾಲಲ್ಲಿ ಬೊಬ್ಬೆ, ಜಾರಿ ಬಿದ್ದವರ ತೊಡೆಯಲ್ಲಿ ಸುಟ್ಟಂಥ ತರಚು. ಅದಕ್ಕೆಲ್ಲ ಎಣ್ಣೆ ಮಾವನ ಹತ್ತಿರ ಮುಲಾಮಿತ್ತು. ಎರಡನೆಯ ತಿಂಗಳು ಮಂಡಿಗಳು ಶುರುವಾದವು. ಮೊದಲು ಗೋಲ್‌ಕೀಪರನ ಮಂಡಿ, ಆಮೇಲೆ ಹಿಂದೆ ಆಡುವ ಇಬ್ಬರದು, ಆಮೇಲೆ ಕಿರಿಯರ ತಂಡದ ಒಬ್ಬನದು. ಯಾರೂ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ. ಓಡುತ್ತಿದ್ದವರು ತಿರುಗಲು ಹೋಗಿ ಕೂತುಬಿಟ್ಟಿದ್ದರು. ಕಾರ್ಪೆಟ್ಟಿನ ಎಳೆಗಳ ನಡುವೆ ತುಂಬಿದ್ದ ಕಪ್ಪು ರಬ್ಬರ್ ಕಾಳು ಅಷ್ಟರಲ್ಲಾಗಲೇ ಗೆರೆಯ ಆಚೆ ಗುಡ್ಡೆ ಬಿದ್ದಿತ್ತು. ಅದನ್ನು ಮತ್ತೆ ತುಂಬುವವರಿರಲಿಲ್ಲ, ನೀರು ಬಿಡುವವರೂ ಇರಲಿಲ್ಲ.

ಒಂದು ಬೆಳಗ್ಗೆ ಅಂಗಿಗೆ ಗುಂಡಿ ಹಾಕಿಕೊಂಡು, ಕೈ ತೊಳೆದು ಅವನು ಕಾರ್ಯದರ್ಶಿಯ ಕೋಣೆಗೆ ಹೋದ.

"ಸಾರ್, ಕಾರ್ಪೆಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹಾಕಿದ ರೀತಿ ಸರಿಯಿಲ್ಲ. ಕೆಳಗೆ ಮೆತ್ತೆ ಇಲ್ಲ. ಶೂ ಊರಿದ ಕಡೆ ಕಚ್ಕೊಂಡು ನಿಂತುಬಿಡುತ್ತೆ. ಮಣ್ಣಾಗಿದ್ರೆ ಒಂದು ಹೆಂಟೆ ಕಿತ್ತು ಬರೋದು, ಕಾಲು ಉಳೀತಿತ್ತು. ಇಲ್ಲಿ ಹುಲ್ಲು ಉಳಿಯುತ್ತೆ ಸಾರ್, ಕಾಲು ಕಿತ್ತು ಬರುತ್ತೆ."

ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಡಾಕ್ಟರಾ?"

"ಅಲ್ಲ ಸಾರ್."

"ಇಂಜಿನಿಯರಾ?"

"ಅಲ್ಲ. ಕಾಲು ಮುಟ್ಟಿದ್ರೆ ಗೊತ್ತಾಗುತ್ತೆ ಸಾರ್ ನನಗೆ."

"ಮುಟ್ಟಿ. ಅದಕ್ಕೇ ಸಂಬಳ ಕೊಡ್ತಿರೋದು. ಆದ್ರೆ ಹುಡುಗರ ಕಿವಿಗೆ ಇದನ್ನೆಲ್ಲ ಹಾಕ್ಬೇಡಿ. ಹೆದರ್ಕೊಂಡು ಆಡಿದವನ ಕಾಲೇ ಮೊದಲು ಮುರಿಯೋದು."

ಆ ಮಾತಿನಲ್ಲಿ ಸ್ವಲ್ಪ ಹುರುಳಿತ್ತು, ಅದೇ ಅವನನ್ನು ಕಟ್ಟಿಹಾಕಿತು. ಹುಡುಗರಿಗೆ ಮೆತ್ತೆಯ ವಿಷಯ ಬಾಯಿಬಿಡಲಿಲ್ಲ. ಉದ್ದ ಮೊಳೆಯ ಶೂ ಬೇಡ, ಗಿಡ್ಡ ರಬ್ಬರ್ ಗುಬುಟಿನದು ಹಾಕಿಕೊಳ್ಳಿ ಎಂದಷ್ಟೇ ಹೇಳಿದ. ಕೆಲವರು ಹಾಕಿಕೊಂಡರು. ಹಲವರ ಬಳಿ ಇದ್ದದ್ದೇ ಒಂದು ಜೊತೆ.

ಇನ್ನು ಅಳಿಯನ ವಿಷಯಕ್ಕೆ ಬರಬೇಕು. ತಂಡದಲ್ಲಿ ಎಡಬದಿಯಲ್ಲಿ ಆಡುವ ಒಬ್ಬನಿದ್ದ. ಎಡಗಾಲಿನ ಹೊಡೆತಕ್ಕೆ ಹೆಸರಾದವನು, ಎಲ್ಲರ ಬಾಯಲ್ಲಿ ಎಡಚ. ಹದಿನೇಳನೆಯ ವಯಸ್ಸಿನಿಂದ ಎಣ್ಣೆ ಮಾವನ ಬೆಂಚಿನ ಮೇಲೆ ಮಲಗಿ ಬೆಳೆದವನು. ಒಮ್ಮೆ ಮಾವನ ಮನೆಗೆ ಮುಲಾಮು ತರಲು ಹೋದವನು ಅವರ ಮಗಳನ್ನು ನೋಡಿದ. ಆಮೇಲೆ ವಾರಕ್ಕೆ ಮೂರು ಸಲ ಮುಲಾಮು ಮುಗಿಯತೊಡಗಿತು. ಮದುವೆಯಾದಾಗ, ಊರಿಗೆಲ್ಲ ಮಾವನಾಗಿದ್ದವನು ಒಬ್ಬನಿಗೆ ನಿಜವಾಗಿ ಮಾವನಾದ ಎಂದು ಹುಡುಗರು ಕುಣಿದಾಡಿದರು. ಅಂದಿನಿಂದ ಮನೆಯಲ್ಲಿ ಅವನು ಅಳಿಯನಿಗೆ "ನೀವು" ಎನ್ನತೊಡಗಿದ. ಬೆಂಚಿನ ಮೇಲೆ ಮಲಗಿದಾಗ ಮಾತ್ರ ಬಾಯಿ ಮರೆತು "ಕಾಲು ಚಾಚೋ" ಅನ್ನುತ್ತಿತ್ತು. ಅಳಿಯನಿಗೆ ಅದೇ ಇಷ್ಟ.

ಕಾರ್ಪೆಟ್ ಬಂದ ಆರನೆಯ ತಿಂಗಳಲ್ಲಿ ಅದೇ ನೆಲದ ಮೇಲೆ ಸೆಮಿಫೈನಲ್ ಬಂತು. ಅದಕ್ಕೆ ಮೂರು ದಿನ ಮುಂಚೆ ಅಳಿಯನ ಬಲ ಮಂಡಿಯ ಒಳಬದಿಯಲ್ಲಿ ಎಣ್ಣೆ ಮಾವನ ಹೆಬ್ಬೆರಳು ನಿಂತಿತು. ಅಲ್ಲಿ ಚರ್ಮ ಬೆಚ್ಚಗಿತ್ತು, ಒತ್ತಿದರೆ ಸ್ವಲ್ಪ ಮೆತ್ತಗೆ.

"ಇದಕ್ಕೆ ಎರಡು ವಾರ ಬಿಡುವು ಬೇಕು ಕಣೋ."

"ಸೆಮಿಫೈನಲ್ ಮಾವ!"

"ನೋಡೋಣ. ಆವತ್ತು ಬೆಳಗ್ಗೆ ಮುಟ್ಟಿ ಹೇಳ್ತೀನಿ. ಬೇಡ ಅಂದ್ರೆ ಬೇಡ."

"ನೀವು ಬೇಡ ಅಂದ್ರೆ ನಾನು ಶೂನೇ ಹಾಕಲ್ಲ" ಎಂದ ಅಳಿಯ. ಅವನು ಹಾಗೆಯೇ ನಡೆದುಕೊಳ್ಳುವವನು ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಪಂದ್ಯದ ಹಿಂದಿನ ಸಂಜೆ ಮಗಳು ಬಂದಳು. ಆಗ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು. ಅಮ್ಮ ಅಂಗಡಿಗೆ ಹೋದ ಹೊತ್ತು ನೋಡಿ, ಅಪ್ಪ ಟವೆಲ್ಲು ಒಗೆಯುತ್ತಿದ್ದ ಕಲ್ಲಿನ ಹತ್ತಿರ ಬಂದು ನಿಂತಳು.

"ಅಪ್ಪ, ನಾಳೆ ಅವರಿಗೆ ಆಡ್ಬೇಡ ಅನ್ಬೇಡಿ."

ಅವನು ಟವೆಲ್ಲು ಹಿಂಡುವುದನ್ನು ನಿಲ್ಲಿಸಿದ.

"ದೊಡ್ಡ ಕ್ಲಬ್ಬಿನವರು ನೋಡೋಕೆ ಬರ್ತಿದ್ದಾರಂತೆ. ಇವರನ್ನೇ ನೋಡೋಕೆ. ಅವರಿಗಾಗಲೇ ಇಪ್ಪತ್ತೇಳು, ಇನ್ನೊಂದ್ಸಲ ಯಾರು ಬರ್ತಾರೆ ಹೇಳಿ? ನೀವು ಬೇಡ ಅಂದ್ರೆ ಅವರು ಖಂಡಿತ ಆಡಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ."

"ಮಂಡಿ ಊದಿದೆ ಪುಟ್ಟಿ. ಆ ನೆಲದ ಮೇಲೆ..." ಎಂದು ಅವನು ಶುರು ಮಾಡಿದ. ಮೆತ್ತೆಯ ವಿಷಯ, ರಬ್ಬರ್ ಕಾಳಿನ ವಿಷಯ, ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಒಂದೇ ಒಂದು ಪಂದ್ಯ ಅಪ್ಪ. ಉಳಿದವರೂ ಅದರ ಮೇಲೇ ಆಡ್ತಾರಲ್ಲ? ಎಲ್ಲರ ಕಾಲೂ ಮುರಿದಿದ್ಯಾ?" ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು: "ನಾನು ಬಂದು ಕೇಳಿದೆ ಅಂತ ಅವರಿಗೆ ಗೊತ್ತಾಗ್ಬಾರದು."

ಮರುದಿನ ಬೆಳಗ್ಗೆ ಅಳಿಯ ಬೆಂಚಿನ ಮೇಲೆ ಮಲಗಿ ಸೂರು ನೋಡುತ್ತಿದ್ದ. ಎಣ್ಣೆ ಮಾವ ಮಂಡಿ ಮುಟ್ಟಿದ. ಊತ ಹಾಗೇ ಇತ್ತು.

"ಹೇಗಿದೆ ಮಾವ?"

"ಇಳಿದಿದೆ. ಆಡು."

ತನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಹೊರಟದ್ದು ಕಂಡು ಅವನಿಗೇ ಆಶ್ಚರ್ಯವಾಯಿತು. ಪಟ್ಟಿಯನ್ನು ಎಂದಿಗಿಂತ ಒಂದು ಸುತ್ತು ಹೆಚ್ಚಿಗೆ ಸುತ್ತಿದ. ಕ್ಲಬ್ಬಿನ ಡಾಕ್ಟರು ವಾರಕ್ಕೊಂದು ಸಲ ಬರುತ್ತಿದ್ದದ್ದು, ಹಾಗಾಗಿ ಪಂದ್ಯದ ದಿನ "ಆಡಲು ಯೋಗ್ಯರು" ಎಂಬ ಹಾಳೆಗೆ ಸಹಿ ಹಾಕುವುದೂ ಅವನ ಪಾಲಿಗೆ ಬಂದಿತ್ತು. ಯಾರೂ ಓದದ ಹಾಳೆ ಅದು. ಹನ್ನೊಂದು ಹೆಸರಿನ ಕೆಳಗೆ ಸಹಿ ಮಾಡಿದ.

ಮೂವತ್ತೆಂಟನೆಯ ನಿಮಿಷದಲ್ಲಿ ಅಳಿಯ ಚೆಂಡನ್ನು ಎಡಗಾಲಿಗೆ ತಂದುಕೊಳ್ಳಲೆಂದು ಬಲಗಾಲೂರಿ ತಿರುಗಿದ. ಹತ್ತು ಹೆಜ್ಜೆ ಸುತ್ತಮುತ್ತ ಯಾರೂ ಇರಲಿಲ್ಲ. ಮೈ ತಿರುಗಿತು, ಶೂ ತಿರುಗಲಿಲ್ಲ. ಒಣಗಿದ ಕಡ್ಡಿ ಮುರಿದಂತೆ ಒಂದು ಸದ್ದು, ಗೆರೆಯ ಆಚೆ ಐಸಿನ ಡಬ್ಬದ ಪಕ್ಕ ಕೂತಿದ್ದ ಎಣ್ಣೆ ಮಾವನಿಗೂ ಕೇಳಿಸಿತು. ಓಡಿದ. ಅಳಿಯ ಕೂಗಾಡುತ್ತಿರಲಿಲ್ಲ. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, "ಏನಾಯ್ತು ಮಾವ? ಏನೂ ಆಗಿಲ್ಲ ಅಲ್ವಾ?" ಎಂದು ಕೇಳುತ್ತಲೇ ಇದ್ದ. ಎಣ್ಣೆ ಮಾವ ಮಂಡಿ ಮುಟ್ಟಿದ. ಹಿಡಿದಿಡಬೇಕಾದದ್ದು ಒಳಗೆ ಏನೂ ಉಳಿದಿರಲಿಲ್ಲ, ಬೀಗ ಕಿತ್ತ ಬಾಗಿಲಿನ ಹಾಗೆ ಕಾಲು ಅತ್ತಿತ್ತ ಹೋಯಿತು. ದೊಡ್ಡ ಕ್ಲಬ್ಬಿನಿಂದ ಬಂದಿದ್ದವರು ವಿರಾಮದ ಹೊತ್ತಿಗೆ ಎದ್ದು ಹೋದರು.

ಇದು ಏಳನೆಯ ಮಂಡಿ. ಪತ್ರಿಕೆಯೊಂದರಲ್ಲಿ ಯಾರೋ ಬರೆದರು, ಕ್ಲಬ್ಬಿನವರು ತನಿಖೆಗೆ ಮೂರು ಜನರನ್ನು ನೇಮಿಸಿದರು. ಮೂವರಲ್ಲಿ ಇಬ್ಬರು ಉದ್ಘಾಟನೆಯ ಫೋಟೋದಲ್ಲಿ ಕಾರ್ಯದರ್ಶಿಯ ಪಕ್ಕ ನಿಂತಿದ್ದವರೇ. ಅಳಿಯ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಎಣ್ಣೆ ಮಾವನಿಗೆ ಕರೆ ಬಂತು. ಈ ಸಲ ಕಾರ್ಯದರ್ಶಿ ಕುರ್ಚಿ ತೋರಿಸಿದರು, ಚಹಾವನ್ನೂ ತರಿಸಿದರು.

"ಅಳಿಯಂದಿರ ಆಪರೇಷನ್ ನಮ್ಮ ಜವಾಬ್ದಾರಿ. ಮುಂದೆ ಆಡೋಕಂತೂ ಆಗಲ್ಲ. ಮೈದಾನವನ್ನ ಹೊರಗಿನವರಿಗೂ ಬಾಡಿಗೆಗೆ ಕೊಡ್ತಿದ್ದೀವಲ್ಲ, ಅದರ ಬುಕಿಂಗ್ ಕೌಂಟರಲ್ಲಿ ಕೂರಿಸ್ತೀವಿ, ಕಾಯಂ ಕೆಲಸ. ಮನೇಲಿ ಮಗು ಬೇರೆ ಬರ್ತಿದೆಯಂತೆ" ಎಂದು ಒಂದು ಹಾಳೆಯನ್ನು ಮುಂದೆ ಸರಿಸಿದರು. "ಈ ವರದಿ ಒಂದು ಮುಗಿದ್ರೆ ಸಾಕು."

ಅವನು ಎರಡು ಸಲ ಓದಿದ. ಮಂಡಿಯಲ್ಲಿ ಮೊದಲೇ ಊತವಿತ್ತು. ಕಾಲು ತಿಕ್ಕುವ ನೌಕರನು ಅದನ್ನು ಗುರುತಿಸಲಾರದೆ ಹೋಗಿದ್ದಾನೆ. ಪಟ್ಟಿಯನ್ನು ಅತಿ ಬಿಗಿಯಾಗಿ ಕಟ್ಟಿ, ಆಡಲು ಯೋಗ್ಯನೆಂದು ಸಹಿ ಮಾಡಿದ್ದಾನೆ. ಮೈದಾನಕ್ಕೂ ಗಾಯಕ್ಕೂ ಯಾವ ಸಂಬಂಧವೂ ಕಂಡುಬಂದಿಲ್ಲ.

"ಯಾಕೆ ಯೋಚನೆ? ಇದರಲ್ಲಿ ಸುಳ್ಳು ಯಾವುದು ಹೇಳಿ" ಎಂದರು ಕಾರ್ಯದರ್ಶಿ.

"ಕೊನೇ ಸಾಲು ಸಾರ್."

"ಕೊನೇ ಸಾಲು ಸಮಿತಿಯದು. ಅದಕ್ಕೆ ಅವರು ಸಹಿ ಹಾಕ್ತಾರೆ. ನಿಮ್ಮದು ಮೇಲಿನ ಮೂರಕ್ಕೆ."

ಗುರುತಿಸಲಾರದೆ ಹೋಗಿದ್ದಾನೆ ಎಂಬ ಮಾತಿನ ಮೇಲೆ ಅವನು ಬೆರಳಿಟ್ಟ. ಗುರುತಿಸಿದ್ದೆ ಎಂದರೆ ಮತ್ತೆ ಆಡಲು ಯಾಕೆ ಬಿಟ್ಟೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರವಾಗಿ ಮಗಳ ಮುಖವೊಂದೇ ಇತ್ತು. ಸಹಿ ಮಾಡಿದ. ಚಹಾ ಕುಡಿಯಲಿಲ್ಲ. ತಿಂಗಳು ಕಳೆಯುವುದರೊಳಗೆ ವಯಸ್ಸಿನ ನೆಪ ಹೇಳಿ ಅವನನ್ನು ಮನೆಗೆ ಕಳಿಸಿದರು, ಬೀಳ್ಕೊಡುವಾಗ ಒಂದು ಗೋಡೆ ಗಡಿಯಾರ ಕೊಟ್ಟರು. ಬೆಂಚನ್ನು ಹೊರಗೆಸೆದು ಆ ಕೋಣೆಯಲ್ಲಿ ಬಾಡಿಗೆಗೆ ಕೊಡುವ ಶೂಗಳನ್ನು ಜೋಡಿಸಿದರು.

ವರದಿಯಲ್ಲಿ ಬರೆದದ್ದನ್ನೇ ಊರು ನಂಬಿತು, ಅಳಿಯನೂ ನಂಬಿದ. ಬೈಯಲಿಲ್ಲ, ಜಗಳವಾಡಲಿಲ್ಲ. ಮಾತು ಕಡಿಮೆ ಮಾಡಿದ, ಅಷ್ಟೇ. ಕೌಂಟರಿನ ಗಾಜಿನ ಹಿಂದೆ ಕೂತು, ಗಂಟೆಯ ಲೆಕ್ಕದಲ್ಲಿ ಆಡಲು ಬರುವವರಿಗೆ "ಒಳ್ಳೇ ನೆಲ ಸಾರ್, ಆರಾಮಾಗಿ ಆಡಿ" ಎಂದು ಚೀಟಿ ಹರಿದು ಕೊಡುವುದು ಅವನ ಕೆಲಸವಾಯಿತು. ಎಣ್ಣೆ ಮಾವ ಪೇಟೆಯ ಫಿಸಿಯೋಥೆರಪಿ ಕ್ಲಿನಿಕ್ಕೊಂದರಲ್ಲಿ ಬಿಸಿನೀರಿನ ಚೀಲ ತುಂಬಿಸುವ ಕೆಲಸಕ್ಕೆ ಸೇರಿಕೊಂಡ. ಭಾನುವಾರ ಆಡಿ ಸೋಮವಾರ ಕುಂಟುತ್ತಾ ಬರುವ ಆಫೀಸಿನವರನ್ನು ಕಂಡು, ಎಲ್ಲಿ ಆಡಿದಿರಿ ಎಂದು ಅವನು ಕೇಳುತ್ತಿದ್ದ. ಹತ್ತರಲ್ಲಿ ಐದಾರು ಜನ ಹೇಳುತ್ತಿದ್ದದ್ದು ಅದೇ ಕ್ಲಬ್ಬಿನ ಹೆಸರು. "ಪೇಷಂಟುಗಳ ಹತ್ರ ವಿಚಾರಣೆ ಮಾಡ್ಬೇಡಿ ತಾತ" ಎಂದು ಡಾಕ್ಟರಮ್ಮ ಗದರಿಸಿದ ಮೇಲೆ ಅದನ್ನೂ ಬಿಟ್ಟ.

ಹೀಗೆ ಐದು ವರ್ಷ ಕಳೆಯಿತು. ಒಂದು ರಜಾದ ಮಧ್ಯಾಹ್ನ ಮಗಳು, ಅಳಿಯ, ಮೊಮ್ಮಗಳು ಊಟಕ್ಕೆ ಬಂದಿದ್ದರು. ಮೆಟ್ಟಿಲು ಹತ್ತುವಾಗ ಅಳಿಯ ಒಂದು ಕಾಲನ್ನು ಎಳೆದು ಇಡುವುದನ್ನು ಮೊಮ್ಮಗಳು ಆಟವೆಂದು ಅಣಕಿಸುತ್ತಿದ್ದಳು. ಎಲ್ಲರೂ ಊಟಕ್ಕೆ ಕೂತಾಗ, "ಅಪ್ಪ, ನಿನ್ನ ಕಾಲು ಯಾಕೆ ಹೀಗೆ?" ಎಂದು ಕೇಳಿದಳು.

ಅಳಿಯ ನಗುತ್ತಲೇ ಹೇಳಿದ: "ನಿಮ್ಮ ತಾತನ ಕೈಗುಣ."

ಎಣ್ಣೆ ಮಾವ ತುತ್ತನ್ನು ತಟ್ಟೆಗೆ ಹಾಕಿದ. ಐದು ವರ್ಷ ನುಂಗಿಕೊಂಡದ್ದು ಒಮ್ಮೆಗೇ ಮೇಲೆ ಬಂತು.

"ಕೈಯಿಂದ ಆದದ್ದಲ್ಲ. ನೀವು ದಿನಾ ಚೀಟಿ ಹರೀತೀರಲ್ಲ, ಆ ನೆಲದ ಕೆಳಗೆ ಮೆತ್ತೇನೇ ಹಾಕಿಲ್ಲ. ಬರೀ ಡಾಂಬರು. ಹಾಕುವಾಗ ನಾನೇ ನಿಂತು ನೋಡಿದ್ದೀನಿ. ಕಾರ್ಯದರ್ಶಿಗೆ ಮುಂಚೆನೇ ಹೇಳಿದ್ದೀನಿ. ನಿಮಗೊಂದು ಕೆಲಸ ಸಿಗಲಿ ಅಂತ ಆ ವರದಿಗೆ ಸಹಿ ಹಾಕಿದೆ. ಪಟ್ಟಿ ನಾನು ಸರಿಯಾಗೇ ಕಟ್ಟಿದ್ದೆ."

ಅಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಮುಂಚೆನೇ ಅಂದ್ರೆ ಯಾವಾಗ?"

"ನಾಲ್ಕನೇ ಮಂಡಿ ಆದಾಗ."

"ಅಂದ್ರೆ ನನ್ನದಕ್ಕಿಂತ ಮುಂಚೆ."

"ಹೂಂ."

"ಆವತ್ತು ಬೆಳಗ್ಗೆ ಊತ ಇಳಿದಿದೆ ಅಂದ್ರಲ್ಲ. ಇಳಿದಿತ್ತಾ?"

ಎಣ್ಣೆ ಮಾವ ಅಡುಗೆಮನೆಯ ಬಾಗಿಲ ಕಡೆ ನೋಡಿದ. ನೀರಿನ ಪಾತ್ರೆ ಹಿಡಿದು ಮಗಳು ಅಲ್ಲೇ ನಿಂತಿದ್ದಳು. ಅವಳು ಮುಖ ತಗ್ಗಿಸಲಿಲ್ಲ, ತಿರುಗಿಸಲೂ ಇಲ್ಲ. ಅಪ್ಪನನ್ನು ನೆಟ್ಟಗೆ ನೋಡುತ್ತಿದ್ದಳು. ಒಂದು ಮಾತು ಅವಳಿಂದ ಬಂದೀತೇ ಎಂದು ಅವನು ಕಾದ. ಬರಲಿಲ್ಲ.

"ಇಳಿದಿರಲಿಲ್ಲ" ಎಂದ.

ಅಳಿಯ ಎದ್ದು ಕೈ ತೊಳೆದ. ಒರೆಸಿಕೊಳ್ಳುತ್ತಾ, ದನಿ ಏರಿಸದೆ ಹೇಳಿದ: "ಇಷ್ಟು ದಿನ ನಿಮಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ದೆ ಮಾವ. ವಯಸ್ಸಾಯ್ತು, ಕೈ ತಪ್ಪಿತು, ಯಾರಿಗಾದ್ರೂ ಆಗೋದೇ ಅಂತ. ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ನೆಲ ಹೀಗಿದೆ ಅಂತ ಗೊತ್ತಿತ್ತು, ಮಂಡಿ ಊದಿದೆ ಅಂತ ಗೊತ್ತಿತ್ತು, ಹಾಗಿದ್ದೂ ಆಡು ಅಂದ್ರಿ. ಇದನ್ನ ಯಾಕೆ ಹೇಳಿದ್ರಿ ನನಗೆ?"

ಅಳಿಯ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದ, ಮಗಳು ಚಪ್ಪಲಿ ಹುಡುಕಿ ಹಿಂದೆ ಹೋದಳು. ಹೆಂಡತಿ ಅರ್ಧ ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಅವಳಿಗೂ ಇದೆಲ್ಲ ಹೊಸ ಸುದ್ದಿ. "ಮಗಳ ಬಾಳು ನೆನಪಾಗ್ಲಿಲ್ವಾ ನಿಮಗೆ ಆವತ್ತು?" ಎಂದಷ್ಟೇ ಕೇಳಿದಳು.

ಆಮೇಲೆ ಅಳಿಯ ಆ ಮನೆಗೆ ಬರಲಿಲ್ಲ. ಕೌಂಟರಿನ ಕೆಲಸವನ್ನೇನೂ ಬಿಡಲಿಲ್ಲ. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮಗಳು ಎರಡು ತಿಂಗಳ ನಂತರ ಕ್ಲಿನಿಕ್ಕಿಗೇ ಬಂದು, ಹೊರಗಿನ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಳು.

"ನಾನು ಹೇಳಿಲ್ಲಪ್ಪ."

"ಗೊತ್ತು."

"ಹೇಳೋದೂ ಇಲ್ಲ. ನಿಮ್ಮನ್ನ ಬಿಟ್ಟು ಅವರು ಬದುಕ್ತಾರೆ. ನಾನು ಅಂತ ಗೊತ್ತಾದ್ರೆ ನಾನು ಆ ಮನೇಲಿ ಹೇಗಿರ್ಲಿ?"

"ಹೇಳ್ಬೇಡ" ಎಂದ ಅವನು. ಅವಳು ಅಳಬಹುದು ಎಂದುಕೊಂಡಿದ್ದ. ಅವಳು ಗಡಿಯಾರ ನೋಡಿ, ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು ಎಂದು ಎದ್ದಳು. ನಾಲ್ಕು ಹೆಜ್ಜೆ ಹೋಗಿ, ವಾಪಸ್ಸು ಬಂದು, ಅವನ ಅಂಗಿಯ ಕಾಲರ್ ಸರಿಮಾಡಿ ಹೋದಳು.

ಸಂಜೆ ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಗಳು ಬಂದಿದ್ದಳು ಎಂದು ಅವನು ಹೇಳಿದ.

"ಏನಂದ್ಲು?"

"ಏನಿಲ್ಲ. ಚೆನ್ನಾಗಿದ್ದಾರಂತೆ ಎಲ್ಲರೂ."

"ಎಷ್ಟೇ ಆಗಲಿ ಮಗಳು" ಎಂದಳು ಹೆಂಡತಿ. "ನೀವು ಇಷ್ಟು ಮಾಡಿದ್ರೂ ನೋಡೋಕೆ ಬಂದ್ಲಲ್ಲ."

ಅವನು ಹೂಂ ಎಂದು, ಮಡಚಿದ ಬಟ್ಟೆಗಳನ್ನೆತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟ.